ಖಾರದ ಗಿರಣಿಯ ವಿಮೆ ಯಾರ ಕಿಸೆಯಿಂದ?

ಬ್ಯಾಡಗಿಯಲ್ಲಿ ನನ್ನನ್ನು ಕೇಳದೆ ಒಂದು ಮೆಣಸಿನಕಾಯಿಯೂ ಕೆಂಪಾಗುವುದಿಲ್ಲ. ಅಂಥ ಗಟ್ಟಿ ಮನುಷ್ಯನಾದ ನನ್ನ ಎದೆ ಅವತ್ತು ಹೊಡೆದುಕೊಂಡ ಸದ್ದು ರಾಣೆಬೆನ್ನೂರಿಗೆ ಕೇಳಿಸಿರಬೇಕು. ಖಾರ ಕುಟ್ಟಿಸಲು ನಬಿಸಾಬರ ಗಿರಣಿಗೆ ಹೋಗಿದ್ದೆ. ನನ್ನ ಕಣ್ಣೆದುರೇ ಯಂತ್ರದ ಪಟ್ಟಾ ಕೆಲಸದ ಮೆಹಬೂಬಿಯ ಸೆರಗನ್ನು ಎಳೆದುಕೊಂಡಿತು. ಸೆರಗು ಹರಿಯಿತು, ಕೈ ಉಳಿಯಿತು.

ನಬಿಸಾಬರ ಹೆಂಡತಿ ಕುಲ್ಸುಮಬಿ ಆಕೆಗೆ ನೀರು ಕುಡಿಸುತ್ತ ಕೇಳಿದರು, “ಕೈ ಹೋಗಿದ್ರ ಏನ್ ಗತಿರಿ?”

“ಅದಕ್ಕ ವಿಮಾ ಮಾಡ್ಸಾಕತ್ತೇನಲ್ಲ,” ಎಂದರು ನಬಿಸಾಬರು. “ತಿಂಗಳಾ ಏಳೂ ಮಂದಿ ಪಗಾರದಾಗ ಸ್ವಲ್ಪ ಹಿಡಿತೇನಿ. ಕಂತಿನಷ್ಟು ಕೂಡಿದ ಮ್ಯಾಲ ಕಟ್ಟಿದ್ರಾತು.”

ಗಿರಣಿಯ ಲೆಕ್ಕ ನೋಡಲು ಹಾವೇರಿಯಿಂದ ಬಂದಿದ್ದ ಶ್ರೀವಾಣಿ ತಲೆಯೆತ್ತಿದಳು. “ಕಾಕಾ, ಅಂದ್ರ ಇವತ್ತು ವಿಮಾ ಇಲ್ಲ?”

“ಇಲ್ಲವಾ.”

“ಇದೇನ್ ಭಿಶಿ ಚೀಟಿ ಏನ್ರಿ, ಎಲ್ಲಾರೂ ಕೂಡಿ ರೊಕ್ಕ ತುಂಬಾಕ?”

“ನಾ ಮೊದಲ ದುಡಿತಿದ್ದ ಮಿಲ್ಲಿನ್ಯಾಗ ಪಿಎಫ್, ಇಎಸ್‌ಐ ಅಂತ ಹಿಡೀತಿದ್ರಲ್ಲ!” ಎಂದರು ನಬಿಸಾಬರು.

“ಅದು ಬ್ಯಾರೆ. ಅದರಾಗ ಕೆಲಸದವರದೊಂದು ಪಾಲು, ಮಾಲಕರದೊಂದು ಪಾಲು, ತಿಂಗಳಾ ಕಟ್ಟೋದು. ಹತ್ತು ಮಂದಿನೂ ಇಲ್ಲದ ನಿಮ್ಮ ಸಣ್ಣ ಗಿರಣಿಗೆ ಇಎಸ್‌ಐ ಇಲ್ಲ. ಇಲ್ಲಿ ಪೆಟ್ಟಾದ್ರ ಪರಿಹಾರದ ಹೊಣಿ ನಿಮ್ಮೊಬ್ಬರದು, ವಿಮಾ ಕಂತೂ ಪೂರಾ ನಿಮ್ಮ ಕಿಸೆದಾಗಿಂದ. ಎಲ್ಲಾರ ವರ್ಷದ ಪಗಾರ, ಕೆಲಸದ ಅಪಾಯ ನೋಡಿ ವಿಮಾ ಕಂಪನಿಯವರು ಕಂತು ಹೇಳ್ತಾರ. ಅದನ್ನ ಮೊದಲ ಕಟ್ಟಬೇಕು.”

“ವಿಮಾ ಇಲ್ದಾಗ ಕೈ ಹೋಗಿದ್ರ?”

“ಪರಿಹಾರ ತಪ್ಪಂಗಿಲ್ಲ ಕಾಕಾ. ಗಿರಣಿ ಮಾರಿಯಾದ್ರೂ ಕೊಡಬೇಕಾಗ್ತಿತ್ತು.”

ನಬಿಸಾಬರ ಕಣ್ಣಲ್ಲಿ ವರದಾ ನದಿಯೇ ಹರಿಯಿತು. ಖಾರದ ಘಾಟು ಎಂದರು, ಯಾರೂ ನಂಬಲಿಲ್ಲ. ಹಿಡಿದ ಹಣವನ್ನೆಲ್ಲ ಕೆಲಸದವರಿಗೆ ಅಲ್ಲೇ ಮರಳಿ ಕೊಟ್ಟರು.

ಮೆಹಬೂಬಿ ಹೆದರುತ್ತಲೇ ಕೇಳಿದಳು, “ಸಾಹುಕಾರ್ರ, ನಾಳೆ ಕೆಲಸಕ್ಕ ಬರ್ಲೇನ್ರಿ?”

ಕುಲ್ಸುಮಬಿ ಹೋಗಿ ಇನ್ನೂ ತಿರುಗುತ್ತಿದ್ದ ಯಂತ್ರ ನಿಲ್ಲಿಸಿದರು. “ಪಟ್ಟಾಕ್ಕ ಸೆರಗು ಸಿಗದಂಗ ಅಡ್ಡ ಜಾಳಗಿ ಕೂಡ್ರಿಸೋತನಕ, ವಿಮಾ ಚಾಲೂ ಆಗೋತನಕ ಇದು ತಿರಗಂಗಿಲ್ಲ. ನಿಮ್ಮ ಪಗಾರ ನಿಲ್ಲಂಗಿಲ್ಲ.”

“ಆರ್ಡರ್ ಹೋಗ್ತಾವಲ್ಲ...” ನಬಿಸಾಬರು ಗೊಣಗಿದರು.

“ಆರ್ಡರ್ ಮತ್ತ ಬರ್ತಾವ್ರಿ. ಕೈ ಬರ್ತಾವೇನು?”

ನಬಿಸಾಬರು ಚಪ್ಪಲಿ ಮೆಟ್ಟಿ ವಿಮಾ ಕಚೇರಿಗೆ ನಡೆದೇಬಿಟ್ಟರು.

ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳುವುದು ಊರ ರೂಢಿ. ಇದನ್ನು ಮಾತ್ರ ಪೂರಾ ಕೇಳಿ. ಮಾಲಕರೇ, ಇಎಸ್‌ಐ ಇಲ್ಲದ ಕಡೆ ಇಬ್ಬರೇ ಕೆಲಸದವರಿದ್ದರೂ ವಿಮೆ ಮಾಡಿಸಿ. ಕಂತನ್ನು ಅವರ ಕೂಲಿಯಲ್ಲಿ ಹಿಡಿಯಬೇಡಿ. ದುಡಿಯುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಯಂತ್ರದ ಮುಂದೆ ನಿಲ್ಲುವ ಮುಂಚೆ ಬಾಯಿಬಿಟ್ಟು ಕೇಳಿ: “ಸಾಹುಕಾರ್ರ, ವಿಮಾ ಚಾಲೂ ಐತ್ರಿ?”