ನಾಯಿಯ ಪಾಲು

ನಮ್ಮ ಬೀದಿಯಲ್ಲಿ ಒಂದೇ ಒಂದು ನಾಯಿ ಇರಲಿಲ್ಲ. ಬೇಕಾದರೆ ಯಾರ ತಲೆಯ ಮೇಲಾದರೂ ಕೈ ಇಟ್ಟು ಆಣೆ ಮಾಡುತ್ತೇನೆ. ನಾಯಿಗೂ ಬುದ್ಧಿ ಇರುತ್ತದೆ ನೋಡಿ, ಎಂಜಲು ಬೀಳದ ಬೀದಿಗೆ ಅದಾದರೂ ಯಾಕೆ ಬಂದೀತು? ಆದರೂ ದಿನಾ ಮಧ್ಯಾಹ್ನ ಊಟದ ಮನೆಯ ಹಿಂಬಾಗಿಲಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಚೀಲದಿಂದ ಡಬ್ಬಿ ತೆಗೆದು, ನನ್ನ ಮುಂದೆ ಹಿಡಿದು ಹೇಳುತ್ತಿದ್ದುದು ಒಂದೇ ಮಾತು: "ನಾಯಿಗೆ ಒಂಚೂರು ಹಾಕಕ್ಕ."

ನಾನೂ ಬಿಡುತ್ತಿರಲಿಲ್ಲ. "ನಿಮ್ಮ ನಾಯಿಗೆ ಬರೀ ಅನ್ನ ಸಾಕೋ, ಬೇಳೇನೂ ಬೇಕೋ?"

"ಬೇಳೆ ಇದ್ರೆ ಚೆನ್ನಾಗಿ ತಿನ್ನುತ್ತೆ."

"ಉಪ್ಪಿನಕಾಯಿ?"

"ಹಾಕು, ಅದನ್ನೂ ತಿನ್ನುತ್ತೆ."

ಇಬ್ಬರೂ ನಗುತ್ತಿರಲಿಲ್ಲ.

ನಾನು ಆ ಊಟದ ಮನೆಯ ಅಡುಗೆಯವಳು. ಅದು ಸರ್ಕಾರದ ಪುಕ್ಕಟೆ ಊಟ. ಬಂದವರು ಸಾಲಿನಲ್ಲಿ ನಿಲ್ಲಬೇಕು, ತಟ್ಟೆ ಹಿಡಿಯಬೇಕು, ಬೆಂಚಿನ ಮೇಲೆ ಕೂತು ಅಲ್ಲೇ ಉಣ್ಣಬೇಕು. ಹೊರಗೆ ಒಯ್ಯುವಂತಿಲ್ಲ ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಒಯ್ದರೆ ಮಾರಿಕೊಳ್ಳುತ್ತಾರಂತೆ. ತಣ್ಣಗಾದ ಅನ್ನವನ್ನು ದುಡ್ಡು ಕೊಟ್ಟು ಕೊಳ್ಳುವ ಆ ಮಹಾರಾಯ ಯಾರೋ, ನಾನಂತೂ ನೋಡಿಲ್ಲ. ತಳದಲ್ಲಿ ಉಳಿದದ್ದನ್ನು ಪ್ರಾಣಿಗಳಿಗೆ ಹಾಕಲು ಮಾತ್ರ ಅಡ್ಡಿಯಿರಲಿಲ್ಲ.

ಸಾಲಿಗೆ ಬರುತ್ತಿದ್ದವರು ಮೂಟೆ ಹೊರುವವರು, ಗಾಡಿ ತಳ್ಳುವವರು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರು. ನಮ್ಮ ಬೀದಿಯವರು ಒಬ್ಬರೂ ಬರುತ್ತಿರಲಿಲ್ಲ. ನಮ್ಮದು ಗಿರಣಿಯ ಬೀದಿ. ಗಿರಣಿ ನಿಂತು ಎಷ್ಟೋ ಕಾಲವಾಗಿತ್ತು, ಜಂಬ ಮಾತ್ರ ನಿಂತಿರಲಿಲ್ಲ. ಮೇಸ್ತ್ರಿಯ ಹೆಂಡತಿ, ಗುಮಾಸ್ತನ ತಾಯಿ, ಇಂಥವರೆಲ್ಲ ಹಮಾಲರ ಹಿಂದೆ ತಟ್ಟೆ ಹಿಡಿದು ನಿಲ್ಲುವುದುಂಟೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಅದರಲ್ಲಿ ನಮ್ಮ ಅತ್ತೆಯದು ಎಲ್ಲರಿಗಿಂತ ಒಂದು ಕೈ ಮೇಲೆ. ಗಿರಣಿ ನಡೆಯುತ್ತಿದ್ದಾಗ ಅವರು ಮನೆಯಲ್ಲೇ ಮೆಸ್ ನಡೆಸಿ ಕೆಲಸಗಾರರಿಗೆ ಊಟ ಹಾಕಿದವರು. "ಇಡೀ ಗಿರಣಿಗೆ ಅನ್ನ ಬಡಿಸಿದ ಕೈ ಕಣೇ ಇದು. ಇನ್ನೊಬ್ಬರ ಮುಂದೆ ತಟ್ಟೆ ಒಡ್ಡೋದಾ?" ಎನ್ನುವರು. ಇತ್ತ ನನ್ನ ಸಂಬಳವೆಲ್ಲ ಹಳೆಯ ಸಾಲಕ್ಕೇ ಹೋಗಿ, ನಮ್ಮ ಯಜಮಾನರಿಗೆ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಒಂದು ಹೊತ್ತು ಒಲೆ ಹೊತ್ತುವುದು. ಬೇಯಿಸಿದ್ದನ್ನು ಮಗನಿಗೂ ಮೊಮ್ಮಗಳಿಗೂ ಬಡಿಸಿ, "ನಂಗ್ಯಾಕೋ ಹೊಟ್ಟೆ ಸರಿ ಇಲ್ಲ" ಎಂದು ಅತ್ತೆ ನೀರು ಕುಡಿದು ಮಲಗುವರು. ಹೊಟ್ಟೆಗೆ ಏನಾಗಿತ್ತು? ಅದರೊಳಗೆ ಏನೂ ಇರಲಿಲ್ಲ, ಅಷ್ಟೆ.

ನೋಡಲಾಗದೆ ಒಂದು ದಿನ ಡಬರಿಯ ತಳದ ಅನ್ನವನ್ನು ಡಬ್ಬಿಗೆ ತುಂಬಿ ತಂದೆ. ಅತ್ತೆ ನನ್ನನ್ನು ಬಾಗಿಲಲ್ಲೇ ತಡೆದು, ಬೀದಿಗೆಲ್ಲ ಕೇಳುವ ಹಾಗೆ, "ನಾಯಿಗೆ ತಂದ್ಯಾ? ಒಳಗಿಡು, ಆಮೇಲೆ ಹಾಕ್ತೀನಿ" ಎಂದರು. ಆಮೇಲೆ ಕದ ಹಾಕಿಕೊಂಡು, ಡಬ್ಬಿ ತೊಳೆಯುವ ಕೆಲಸವೂ ಇಲ್ಲದ ಹಾಗೆ ಬಳಿದು ತಿಂದರು. ಎದುರು ಮನೆಯ ದರ್ಜಿಯ ಹೆಂಡತಿಯ ಕಿವಿ ಬಹಳ ಚುರುಕು. ಮಾರನೆಯ ದಿನವೇ ಅವಳ ಮನೆಯಲ್ಲೂ ಒಂದು ನಾಯಿ ಹುಟ್ಟಿತು. ವಾರ ಕಳೆಯುವುದರೊಳಗೆ ಬೀದಿಯ ತುಂಬ ನಾಯಿಗಳೇ ನಾಯಿಗಳು, ಒಂದೂ ಬೊಗಳುತ್ತಿರಲಿಲ್ಲ.

ಬೇಳೆಗೆ ಒಂದು ಬಿಂದಿಗೆ ನೀರು ಹೆಚ್ಚಿಗೆ ಹೊಯ್ದು, ಅನ್ನವನ್ನು ಚೆನ್ನಾಗಿ ಅರಳಿಸಿ, ದಿನಾ ಒಂದು ಡಬರಿ ಉಳಿಯುವಂತೆ ನಾನು ನೋಡಿಕೊಳ್ಳುತ್ತಿದ್ದೆ. ಅತ್ತೆಯ ಜೀವ ನಿಂತದ್ದು ಆ ಡಬರಿಯ ಮೇಲೆ. ಬೀದಿಯಲ್ಲಿ ಇನ್ನೆಷ್ಟು ಜೀವ ನಿಂತಿತ್ತೋ ಅವರವರಿಗೇ ಗೊತ್ತು.

ಹೀಗಿರುವಾಗ ಮೇಡಂ ಬಂದಳು. ವಿಶ್ವವಿದ್ಯಾಲಯದಿಂದ ಬಂದವಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಬೀದಿಯವರು ಅವಳಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟರು. ಯಾರು ಏನು ತಿನ್ನುತ್ತಾರೆ, ಯಾರಿಗೆ ಎಷ್ಟು ಸಿಗಬೇಕೆಂದು ಯಾರು ತೀರ್ಮಾನ ಮಾಡುತ್ತಾರೆ, ಇದನ್ನೇ ಅವಳು ಓದುತ್ತಿದ್ದಳಂತೆ.

"ತಿನ್ನೋದನ್ನೂ ಓದ್ತಾರಾ ಮೇಡಂ?" ಎಂದೆ.

"ತಿನ್ನೋದಕ್ಕಿಂತ ತಿನ್ನದೆ ಇರೋದನ್ನೇ ಜಾಸ್ತಿ ಓದ್ತೀವಿ ಅಕ್ಕ" ಎಂದಳು.

ಜಾಣೆ. ಜಂಬವೂ ಇರಲಿಲ್ಲ. ನನ್ನ ಪಕ್ಕ ಮಣೆ ಹಾಕಿಕೊಂಡು ಕೂತು ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ಆದರೆ ಮನೆ ಮನೆಗೆ ಹೋಗಿ ನಿನ್ನೆ ಏನು ತಿಂದಿರಿ ಎಂದು ಕೇಳಿದರೆ ನಮ್ಮವರು ನಿಜ ಹೇಳುತ್ತಾರೆಯೇ? ದರ್ಜಿಯ ಹೆಂಡತಿ ಮೊಟ್ಟೆ ತಿಂದೆವು ಎಂದಳಂತೆ. ಅವಳು ಮೊಟ್ಟೆಯ ಸಿಪ್ಪೆಯನ್ನಾದರೂ ಕಂಡು ಯಾವ ಕಾಲವಾಗಿತ್ತೋ! ಅತ್ತೆಯಂತೂ ತಿಂಡಿಯಿಂದ ಶುರುಮಾಡಿ ಮಲಗುವ ಮುಂಚಿನ ಹಾಲಿನ ತನಕ ಬಡಿಸಿಬಿಟ್ಟರು. ಹಾಗಾದರೆ ಊಟದ ಮನೆಯಿಂದ ತರುವುದು ಯಾರಿಗೆ ಎಂದು ಕೇಳಿದ್ದಕ್ಕೆ ಬೀದಿಗೆ ಬೀದಿಯೇ ಒಂದೇ ಉತ್ತರ ಕೊಟ್ಟಿತು. ನನ್ನನ್ನು ಕೇಳಿದಾಗ ನಾನೂ ನಾಯಿಗೆ ಎಂದೆ. ಮತ್ತೇನು ಹೇಳಬೇಕಿತ್ತು? ಗೋಡೆಯ ಮೇಲಿನ ಕೆಂಪಕ್ಷರ ನನ್ನ ಹಿಂದೆಯೇ ಇತ್ತು.

ಅವಳು ತನ್ನ ವರದಿಯ ಮೊದಲ ಭಾಗವನ್ನು ಇಲಾಖೆಗೆ ಕಳಿಸಿದಳು. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಅಡುಗೆಮನೆಗೆ ಬಂದಳು.

"ಅಕ್ಕ, ಈ ಬೀದೀಲಿ ನಾಯಿ ಎಲ್ಲಿವೆ?"

ನಾನು ಸೌಟು ತಿರುಗಿಸುತ್ತಾ ನಿಂತೆ.

"ಇಷ್ಟು ದಿನದಿಂದ ಓಡಾಡ್ತಿದೀನಿ. ಒಂದೂ ಬೊಗಳಿಲ್ಲ, ಒಂದೂ ನನ್ನ ಮೂಸಿ ನೋಡಿಲ್ಲ. ನನಗೆ ನಿನ್ನೆ ಹೊಳೀತು. ಎಂಥಾ ದಡ್ಡಿ ನಾನು!" ಅವಳು ಅಕ್ಕಿಮೂಟೆಯ ಮೇಲೆ ಕುಸಿದು ಕೂತಳು. "ಇಲಾಖೆಯವರು ಅದೊಂದು ಮಾತನ್ನ ಹಿಡ್ಕೊಂಡಿದಾರೆ ಅಕ್ಕ. ದಿನಾ ನಾಯಿಗೆ ಹಾಕುವಷ್ಟು ಉಳಿಯುತ್ತೆ ಅಂದ್ರೆ ಇಲ್ಲಿ ಊಟ ಹೆಚ್ಚಾಗಿದೆ, ಇದನ್ನ ಮುಚ್ಚಿ ಬೇಕಾದ ಕಡೆ ತೆಗೀತೀವಿ ಅಂತಿದಾರೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮುಚ್ಚಲು ಅವರಿಗೆ ಒಂದು ನೆವ ಬೇಕಿತ್ತು, ನಾವೇ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆವು. ನನಗೆ ಮೈ ಉರಿದುಹೋಯಿತು. "ಬರೆಯೋಕೆ ಬಂದೋರಿಗೆ ಅಳಿಸೋಕೆ ಬರಲ್ವಾ? ಹೋಗಿ ಅಳಿಸಿ" ಎಂದೆ.

"ಅಳಿಸಿದ್ರೆ ನಂಬಲ್ಲ. ಅದಕ್ಕೆ ಸಾಹೇಬರೇ ಬಂದು ಕಣ್ಣಾರೆ ನೋಡಲಿ ಅಂತ ಒಪ್ಪಿಸಿ ಬಂದಿದೀನಿ. ಬೀದೀಲಿ ನಾಯಿಗಳೇ ಇಲ್ಲ ಅಂದ್ಮೇಲೆ ಆ ಅನ್ನ ತಿಂದೋರು ಯಾರು ಅಂತ ಅವರಿಗೇ ಗೊತ್ತಾಗುತ್ತೆ. ಹಾಗಾದ್ರೆ ಊಟದ ಮನೆ ಉಳಿಯುತ್ತೆ, ಮನೆಗೆ ಒಯ್ಯೋಕೂ ಬಿಡ್ತೀನಿ ಅಂದಿದಾರೆ." ಅವಳು ನನ್ನ ಕೈ ಹಿಡಿದುಕೊಂಡಳು. "ಯಾರನ್ನೂ ಏನೂ ಕೇಳಬಾರದು ಅಂತಾನೂ ಮಾತು ತಗೊಂಡಿದೀನಿ. ಯಾರೂ ಬಾಯಿ ಬಿಡಬೇಕಾಗಿಲ್ಲ ಅಕ್ಕ. ಸುಮ್ನೆ ಬಾಗಿಲು ತೆಗೆದಿಟ್ಟು ಕೂತಿದ್ರೆ ಸಾಕು."

ನಮ್ಮನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಯಾರೂ ಇರಲಿಲ್ಲ. ಮೈಯ ಉರಿ ಇಳಿದುಹೋಗಿ ನನಗೆ ಅವಳ ಮೇಲೆ ಪ್ರೀತಿಯೇ ಬಂತು.

ಅಂದೇ ಮನೆ ಮನೆ ಸುತ್ತಿದೆ. ದರ್ಜಿ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡು, ಹೊಲಿಯಲು ಬಟ್ಟೆಯಿಲ್ಲದ ಮಿಷನ್ನಿನ ಮುಂದೆ ಕೂತಿದ್ದ. ಎಲ್ಲ ಕೇಳಿ, "ಹಾಗಾದ್ರೆ ನಾವು ಸುಳ್ಳು ಹೇಳಿದ್ವಿ ಅಂತಾಗಲ್ವಾ?" ಎಂದ.

"ಆಗ್ಲಿ ಬಿಡಣ್ಣ. ನಿಜ ಹೇಳಿದೋರೆಲ್ಲ ಮಹಡಿ ಕಟ್ಟಿಸಿದಾರಾ?"

"ಅದಲ್ಲ... ಎಲ್ಲರ ಮನೆ ಮುಂದೇನೂ ಖಾಲಿ ಇರುತ್ತಾ?"

"ಎಲ್ಲರದ್ದೂ."

"ಎಲ್ಲರದ್ದೂ ಹಾಗೇ ಅಂದ್ರೆ ಸರಿ."

ಮೇಸ್ತ್ರಿಯ ಮನೆಯಲ್ಲಿ ಅದೇ ಪ್ರಶ್ನೆ, ಗುಮಾಸ್ತನ ಮನೆಯಲ್ಲಿ ಅದೇ ಪ್ರಶ್ನೆ. ಎಲ್ಲರೂ ಸರಿ ಎಂದರು. ಕೊನೆಗೆ ಮನೆಗೆ ಬಂದು ಅತ್ತೆಯ ಮುಂದೆ ನಿಂತೆ. "ನೀವು ಏನೂ ಮಾಡ್ಬೇಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ. ಸುಮ್ನೆ ಕೂತಿರಿ."

"ಈ ವಯಸ್ಸಲ್ಲಿ ನಾನೇನೇ ಮಾಡ್ತೀನಿ?" ಎಂದು ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

ಸಾಹೇಬರು ಬರುವ ದಿನ ನಾನು ಬೇಗ ಅಡುಗೆ ಇಳಿಸಿ, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಅತ್ತೆಯ ಡಬ್ಬಿಯನ್ನು ಕಳಿಸಿದ್ದೆ. ಸಾಹೇಬರು ಸಾಧು ಮನುಷ್ಯ. ಬಿಸಿಲಿಗೆ ಹಣೆ ಒರೆಸಿಕೊಳ್ಳುತ್ತ, ಅಡುಗೆಯ ರುಚಿ ನೋಡಿ, ಚೆನ್ನಾಗಿದೆ ಎಂದು ಹೊಗಳಿದರು. ಅವರು ಮುಂದೆ, ಮೇಡಂ ಪಕ್ಕದಲ್ಲಿ, ನಾನು ಹಿಂದೆ. ಬೀದಿಯ ಮೂಲೆ ತಿರುಗುವ ಮೊದಲೇ ಬೊಗಳುವುದು ಕೇಳಿಸಿತು.

ಮೇಸ್ತ್ರಿಯ ಮನೆಯ ಕಿಟಕಿ ಸರಳಿಗೆ ಒಂದು ಕಪ್ಪು ನಾಯಿ ಕಟ್ಟಿತ್ತು. ಗುಮಾಸ್ತನ ಮನೆಯ ಮೆಟ್ಟಿಲಿಗೆ ಒಂದು. ದರ್ಜಿಯ ಬಾಗಿಲಲ್ಲಿ ಒಂದು, ಅದರ ಕತ್ತಿಗೆ ಲೈನಿಂಗ್ ಬಟ್ಟೆಯ ಪಟ್ಟಿ. ಮಾರ್ಕೆಟ್ಟಿನ ಹಿಂದಿನ ಕಸದ ಗುಡ್ಡೆಯ ನಾಯಿಗಳನ್ನೆಲ್ಲ ಹಿಡಿದು ತಂದಿದ್ದರು. ಅವು ಒಂದಕ್ಕೊಂದು ಹಲ್ಲು ಕಿರಿಯುತ್ತ ಹಗ್ಗ ಜಗ್ಗುತ್ತಿದ್ದವು. ಎಲ್ಲರ ಮನೆಯ ಮುಂದೆಯೂ ಖಾಲಿ ಇರುತ್ತದಲ್ಲ, ನಮ್ಮದೊಂದು ಮನೆಯ ಮಾನ ಉಳಿದರೆ ಯಾರ ಗಂಟೇನು ಹೋಗುತ್ತದೆ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಿದ್ದರು. ಈಗ ಪಕ್ಕದವರ ನಾಯಿಯನ್ನು ನೋಡಿ ಒಬ್ಬೊಬ್ಬರ ಮುಖವೂ ಇಳಿದುಹೋಗಿತ್ತು. ದರ್ಜಿ ನನ್ನ ಕಣ್ಣು ತಪ್ಪಿಸಿ ತನ್ನ ನಾಯಿಯ ತಲೆ ಸವರಲು ಹೋದ, ಅದು ಗುರ್ ಎಂದಿತು.

"ಅಬ್ಬಬ್ಬಾ, ಎಷ್ಟೊಂದು ನಾಯಿ!" ಎಂದರು ಸಾಹೇಬರು. "ನಿಮ್ಮ ವರದಿ ಸರಿಯಾಗೇ ಇದೆಯಲ್ಲ ಮೇಡಂ. ಯಾಕೆ ಅನುಮಾನ ಪಟ್ರಿ?"

ಮೇಡಂ ಮುಖದಲ್ಲಿ ರಕ್ತವೇ ಇರಲಿಲ್ಲ.

ನಮ್ಮದು ಬೀದಿಯ ಕೊನೆಯ ಮನೆ. ನಮ್ಮದೊಂದಾದರೂ ಖಾಲಿ ಇರಲಪ್ಪಾ ಎಂದು ಬೇಡಿಕೊಳ್ಳುತ್ತ ನಡೆದೆ. ಅತ್ತೆ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಕುರ್ಚಿಯ ಕಾಲಿಗೆ ಕಟ್ಟಿದ್ದ ಒಂದು ಮುದಿ ನಾಯಿ, ಒಂದು ಕಿವಿ ಹರಿದದ್ದು. ನಲ್ಲಿಯ ತನಕ ನಡೆಯಲಾರದ ಹೆಂಗಸು ಅದನ್ನು ಎಲ್ಲಿಂದ, ಹೇಗೆ ಎಳೆದು ತಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯಾರನ್ನೂ ಏನೂ ಕೇಳುವುದಿಲ್ಲ ಎಂದಿದ್ದ ಸಾಹೇಬರು ಖುಷಿಯಲ್ಲಿ ಕೇಳಿಯೇಬಿಟ್ಟರು. "ಏನಜ್ಜಿ, ಇಷ್ಟು ಬಡಕಲಾಗಿದೆ? ಊಟ ಹಾಕಲ್ವಾ?"

"ಅದಕ್ಕೂ ವಯಸ್ಸಾಯ್ತು ಸ್ವಾಮಿ. ತಿನ್ನೋದೇನೋ ತಿನ್ನುತ್ತೆ, ಮೈಗೆ ಹತ್ತಲ್ಲ" ಎಂದು ಅತ್ತೆ ಒಳಗೆ ಹೋಗಿ, ನಾನು ಕಳಿಸಿದ್ದ ಡಬ್ಬಿಯನ್ನು ತಂದರು. ಮುಚ್ಚಳ ತೆಗೆದು ಅಷ್ಟನ್ನೂ ನೆಲಕ್ಕೆ ಸುರಿದರು. ಮುಟ್ಟಿಯೇ ಇರಲಿಲ್ಲ. ನಾಯಿ ಗಬಗಬ ತಿಂದಿತು. ಅತ್ತೆ ಅದನ್ನೇ ನೋಡುತ್ತ ಎಂಜಲು ನುಂಗಿದ್ದನ್ನು ನಾನು ಕಂಡೆ.

ಇನ್ನು ತಡೆಯಲಾಗಲಿಲ್ಲ. "ಸಾಹೇಬ್ರೇ, ಅದು ಇವರ ಊಟ" ಎಂದೆ. "ಇವತ್ತು ಇದು ಬಿಟ್ರೆ ಇವರಿಗೆ ಬೇರೆ ಏನೂ ಇಲ್ಲ. ಈ ನಾಯಿ ನಿನ್ನೆ ಇರ್ಲಿಲ್ಲ. ಇಲ್ಲಿ ಯಾವ ಮನೇಲೂ ಇರ್ಲಿಲ್ಲ. ನಾಯಿ ಹೆಸರು ಹೇಳಿ ತಿಂತಾ ಇದ್ದೋರು ಇವರೇ, ನಾವೇ!"

ಮೇಡಂ ಮುಖಕ್ಕೆ ಜೀವ ಬಂತು. ಸಾಹೇಬರು ಅತ್ತೆಯ ಕಡೆ ತಿರುಗಿದರು.

ಅತ್ತೆ ನಕ್ಕುಬಿಟ್ಟರು. "ನಮ್ಮ ಸೊಸೆ ಸ್ವಾಮಿ. ಇವಳ ಬಾಯಿಗೆ ಬೀಗ ಇಲ್ಲ. ಬಂದ ದಿನದಿಂದ ಅತ್ತೇನ ನಾಯಿ ಮಾಡೋಕೇ ನೋಡ್ತಿದಾಳೆ."

ಮೊದಲು ದರ್ಜಿಯ ಹೆಂಡತಿ ನಕ್ಕಳು. ಆಮೇಲೆ ಇಡೀ ಬೀದಿ, ಕಟ್ಟಿ ಹಿಡಿದಿದ್ದ ಉಸಿರು ಬಿಟ್ಟವರ ಹಾಗೆ, ಗೊಳ್ಳೆಂದು ನಕ್ಕಿತು. ಸಾಹೇಬರು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು. "ಅತ್ತೆ ಸೊಸೆ ಮಧ್ಯೆ ನಾನು ಬರಲ್ಲಪ್ಪ!"

"ಸರ್, ಅವರು ಹೇಳ್ತಿರೋದು ನಿಜ" ಎಂದಳು ಮೇಡಂ.

"ನೀವು ಬರೆದಿದ್ದೂ ಇದೇ, ನಾನು ನೋಡಿದ್ದೂ ಇದೇ ಅಲ್ವಾ ಮೇಡಂ?" ಎಂದು ಅವರು ನಗುತ್ತಲೇ ಜೀಪಿನ ಕಡೆ ನಡೆದರು. ಅವಳು ಅವರ ಹಿಂದೆ ಓಡುತ್ತ ಏನೇನೋ ಹೇಳುತ್ತಿದ್ದಳು. ಅವರು ತಿರುಗಲಿಲ್ಲ.

ಸಂಜೆಯೊಳಗೆ ಎಲ್ಲರೂ ಹಗ್ಗ ಬಿಚ್ಚಿದರು. ನಾಯಿಗಳು ತಮ್ಮ ಕಸದ ಗುಡ್ಡೆಗೆ ಓಡಿದವು. ನಮ್ಮ ಮನೆಯದು ಮಾತ್ರ ಹೊಟ್ಟೆ ತುಂಬಿದ ಜಾಗ ಬಿಟ್ಟು ಕದಲಲಿಲ್ಲ.

ಊಟದ ಮನೆಗೆ ಬೀಗ ಬೀಳುವ ದಿನ ಲಾರಿ ಬಂದು ಡಬರಿ, ಬೆಂಚು, ತಟ್ಟೆಗಳನ್ನೆಲ್ಲ ಹೇರಿಕೊಂಡು ಹೋಯಿತು. ಮೇಡಂ ಬಂದಿದ್ದಳು. ಇನ್ನೊಂದು ಅರ್ಜಿ ಹಾಕಿದ್ದೇನೆ ಎಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ನಿಂತು ಅಷ್ಟನ್ನೂ ಕೇಳಿಸಿಕೊಂಡಳು. ಬೈಯಬೇಕಾದವರು ಅವಳಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಬೈಸಿಕೊಳ್ಳಲು ಬಂದು ನಿಂತವಳು ಅವಳೊಬ್ಬಳೇ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಎದುರು ಬಾಗಿಲಲ್ಲಿ ದರ್ಜಿಯ ಹೆಂಡತಿ ನಿಂತಿದ್ದಳು. ಅತ್ತೆ ಅವಳನ್ನೂ ಲೆಕ್ಕಿಸದೆ, ದನಿ ತಗ್ಗಿಸದೆ ಹೇಳಿದರು: "ನಂಗೆ ಹಸಿವಾಗ್ತಿದೆ ಕಣೇ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಎಲ್ಲಿತ್ತೋ ಸಿಟ್ಟು, ಕಿರುಚಿದೆ. "ಈಗ ಹೇಳ್ತೀರಾ? ಎಲ್ಲಾ ಮುಗಿದ್ಮೇಲೆ ಈಗ? ಈಗ ಯಾರು ಕೇಳ್ತಾರೆ ಅತ್ತೆ ನಿಮ್ಮ ಮಾತನ್ನ?"

"ನೀನು ಕೇಳ್ತೀಯ ಅಂತ" ಎಂದರು ಅತ್ತೆ.

ನನ್ನ ಕೈಯಲ್ಲಿ ಏನೂ ಇರಲಿಲ್ಲ.