ಅಮಾವಾಸ್ಯೆಯ ಕೆಂಪು ಚುಕ್ಕೆ

ನಾನು ಒಂದು ಲೇಸರ್ ಪಾಯಿಂಟರ್. ಬೆರಳುದ್ದದ ಕಪ್ಪು ಕಡ್ಡಿ. ಗುಂಡಿ ಒತ್ತಿದರೆ ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆಯಾಗಿ ಬೀಳುತ್ತೇನೆ. ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಪರೀಕ್ಷೆಗೆಂದು ಮೊದಲು ನನ್ನನ್ನು ಹಿಡಿದವರ ಕೈ ತುಸು ಅಲುಗಿತು, ಗೋಡೆಯ ಮೇಲೆ ನಾನು ಮೊಳದುದ್ದ ಹಾರಿಬಿದ್ದೆ. ಒಂದು ಕಡೆ ನೆಟ್ಟಗೆ ನಿಲ್ಲುವ ಜಾಯಮಾನ ನನ್ನದಲ್ಲವೆಂದು ಅಂದೇ ಗೊತ್ತಾಯಿತು. ಹಿಡಿದವರ ಎದೆಯ ಪುಕ್ಕಲನ್ನೆಲ್ಲ ಗೋಡೆಗೆ ಹೇಳುವ ಚಾಡಿಕೋರ ನಾನು.

ನನ್ನ ಮೊದಲ ಯಜಮಾನ ಶ್ರೀವತ್ಸ, ಕಂಪನಿಗಳಿಗೆ ಸಲಹೆ ಮಾರುವವನು. ಅವನ ಕೈ ಮಾತ್ರ ಬಂಡೆ. “ಅಂಕಿ ಹೇಳಿದರೆ ಜನ ಆಕಳಿಸುತ್ತಾರೆ, ಕಥೆ ಹೇಳಿದರೆ ತಲೆಯಾಡಿಸುತ್ತಾರೆ” ಎನ್ನುವುದು ಅವನ ಮಂತ್ರ. ಅವನ ಕಥೆಯಲ್ಲಿ ಒಬ್ಬಳು ಅಜ್ಜಿ ಇದ್ದಳು. ದಾವಣಗೆರೆಯಲ್ಲಿ ಮಾತಾಡಿದರೆ ಅವಳು ಹರಿಹರದವಳು, ಬೆಳಗಾವಿಯಲ್ಲಿ ಗೋಕಾಕದವಳು. ಎಣ್ಣೆಯವರ ಮುಂದೆ ಎಣ್ಣೆಗಾಗಿ ಅಳುತ್ತಿದ್ದಳು, ಸೋಪಿನವರ ಮುಂದೆ ಸೋಪಿಗಾಗಿ. ಎಲ್ಲಿಯೂ ಇಲ್ಲದ ಆ ಅಜ್ಜಿಯ ಕಣ್ಣೀರಿನ ಮೇಲೆ ನಾನು ಕುಣಿದದ್ದೇ ಕುಣಿದದ್ದು. ನನಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಗುಂಡಿ ಅವನ ಕೈಯಲ್ಲಿತ್ತು.

ಹೀಗೇ ಹುಬ್ಬಳ್ಳಿಯ ಗುರುಶಾಂತಪ್ಪ ಸಾವಕಾರರ ಖಡಕ್ ರೊಟ್ಟಿ ಕಂಪನಿಗೂ ಹೋದೆವು. ಹೆಂಗಸರು ಕೈಯಲ್ಲಿ ಬಡಿದ ಜೋಳದ ರೊಟ್ಟಿ ಅಲ್ಲಿಂದ ಊರೂರಿಗೆ ಹೋಗುತ್ತಿತ್ತು. ಮುರಿದು ವಾಪಸು ಬರುವುದು ಹೆಚ್ಚಾಗಿತ್ತು. ಶ್ರೀವತ್ಸ ತಿಂಗಳ ಸರಾಸರಿ ತೋರಿಸಿದ. ಮೊಮ್ಮಗನ ತಟ್ಟೆಯಲ್ಲಿ ಚೂರಾದ ರೊಟ್ಟಿ ಕಂಡು ಅಜ್ಜಿ ಅತ್ತಳು. “ಕೈರೊಟ್ಟಿ ಒಂದೇ ದಪ್ಪ ಇರೋದಿಲ್ಲ ಸಾರ್. ಮಷಿನ್ ತನ್ನಿ” ಎಂದ. ಸಾವಕಾರರು ಕಣ್ಣೊರೆಸಿಕೊಂಡು ಹ್ಞೂಂ ಅಂದರು. ತಿಂಗಳೊಪ್ಪತ್ತಿನಲ್ಲಿ ಮಷಿನ್ ಬಂದರೆ ಆ ಹೆಂಗಸರೆಲ್ಲ ಮನೆಗೆ. ಗೆದ್ದ ಹುಮ್ಮಸ್ಸಿನಲ್ಲಿ ಶ್ರೀವತ್ಸ ನನ್ನನ್ನು ಮೇಜಿನ ಮೇಲೇ ಮರೆತುಹೋದ.

ನನ್ನನ್ನು ಎತ್ತಿಕೊಂಡವಳು ಮಾರಾಟದ ಲೆಕ್ಕ ನೋಡುವ ಸುಮಿತ್ರಾ. ಅವಳಿಗೂ ನನ್ನ ಹಾಗೇ ಕುಂತಲ್ಲಿ ಕೂರಲಾಗದು. ತಿಂಗಳ ಸರಾಸರಿಯನ್ನು ಒಡೆದು, ಯಾವ ದಿನದ ಲೋಡಿನಲ್ಲಿ ಎಷ್ಟು ಮುರಿದಿದೆಯೆಂದು ಬಿಡಿಸಿ ನೋಡಿದಳು. ಗೋಡೆಯ ಪಂಚಾಂಗಕ್ಕೆ ತಾಳೆ ಹಾಕಿದಳು. ಮುರಿದ ಲೆಕ್ಕದ ನಕ್ಷೆಯಲ್ಲಿ ಎತ್ತರದ ಕಂಬಗಳೆಲ್ಲ ಅಮಾವಾಸ್ಯೆಯ ಮೇಲೇ ನಿಂತಿದ್ದವು.

ಅಮಾವಾಸ್ಯೆಯಂದು ಆ ಕಡೆ ಹಂಚಿಗೂ ತಕ್ಕಡಿಗೂ ಗಾಡಿಗೂ ಪೂಜೆ. ಅವತ್ತೇ ದೊಡ್ಡ ಲೋಡು, ಅದನ್ನು ಸಾವಕಾರರು ಸ್ವತಃ ಹೇರಿಸುತ್ತಿದ್ದರು. ಪ್ರತಿ ಡಬ್ಬಿಗೂ “ಚಲೋ ಆಗ್ಲಿ” ಎಂದು ಎತ್ತಿನ ಬೆನ್ನು ತಟ್ಟುವಂತೆ ಎರಡು ಪೆಟ್ಟು. ಅವರ ಅಪ್ಪನ ಕಾಲದ ಪದ್ಧತಿ. ಆಗ ಬಟ್ಟೆಯ ಗಂಟಿನಲ್ಲಿ ಮೆತ್ತನೆಯ ರೊಟ್ಟಿ ಹೋಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಈಗ ರಟ್ಟಿನ ಡಬ್ಬಿ, ಖಡಕ್ ರೊಟ್ಟಿ, ಗರಡಿಯಲ್ಲಿ ಪಳಗಿದ ಅಂಗೈ!

ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ರೊಟ್ಟಿ ಬಡಿಯುವವರಲ್ಲಿ ಹಿರಿಯಳಾದ ದ್ಯಾಮವ್ವ ಸಿಡುಕಿದಳು: “ಹೇಳಿಬಿಡವಾ. ನಮ್ಮ ಕೈ ಅಂದ್ರ ಬೈಗಳ, ಅವರ ಕೈ ಅಂದ್ರ ಬಾಯಿಗೆ ಬೀಗೇನು?”

ಮಷಿನ್ನಿಗೆ ಮುಂಗಡ ಕೊಡುವ ದಿನ ಸುಮಿತ್ರಾ ಆ ನಕ್ಷೆಯನ್ನು ಗೋಡೆಗೆ ಹಾಕಿ ಮುಂದೆ ನಿಂತಳು. ಗುಂಡಿ ಒತ್ತಿದಳು. ಕಾದ ಹಂಚಿನ ಮೇಲಿನ ನೀರಹನಿಯಂತೆ ನಾನು ಚಡಪಡಿಸಿದೆ.

“ಯಾಕವಾ, ಚುಕ್ಕಿ ಹಿಂಗ್ಯಾಕ ಕುಣ್ಯಾಕತ್ತೈತಿ? ಆ ಕಂಬದಾಗ ಏನೈತಿ ಅಂತ ನನಗ ತಿಳೀವಲ್ದು” ಎಂದರು ಸಾವಕಾರರು.

ಅವಳು ನನ್ನನ್ನು ಆರಿಸಿಬಿಟ್ಟಳು.

“ಸಾವ್ಕಾರ್ರ, ರೊಟ್ಟಿ ಬಾಯಿಲೇ ಕೇಳ್ರಿ. ನಾನು ಒಂದು ಜ್ವಾಳದ ರೊಟ್ಟಿ. ದ್ಯಾಮವ್ವ ನನ್ನ ಬಡದು, ಸುಟ್ಟು, ಖಡಕ್ ಮಾಡಿದಳು. ಡಬ್ಬಿಯೊಳಗ ಅರಾಮ ಕುಂತಿದ್ದೆ. ಅವತ್ತು ಅಮಾಸಿ, ಊದಿನಕಡ್ಡಿ ವಾಸನಿ ಬಂತು. ಆಮ್ಯಾಲೆ ಯಾರೋ ದೊಡ್ಡವರು ಭಾಳ ಪ್ರೀತಿಲೆ ಡಬ್ಬಿ ಮ್ಯಾಲೆ ಎರಡು ಪೆಟ್ಟು ಹಾಕಿದ್ರು. ಆಶೀರ್ವಾದ ಡಬ್ಬಿಗೆ ಮುಟ್ಟಿತು. ಪೆಟ್ಟು ನನಗ ಮುಟ್ಟಿತು.”

ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ಅವಳು ಮತ್ತೆ ನನ್ನನ್ನು ಹೊತ್ತಿಸಿ ಅಮಾವಾಸ್ಯೆಯ ಕಂಬಗಳನ್ನು ಒಂದೊಂದಾಗಿ ತೋರಿಸಿದಳು. ಈ ಸಲ ನಾನು ಅಲುಗಲಿಲ್ಲ. ಸಾವಕಾರರು ತಮ್ಮ ಅಂಗೈ ನೋಡಿಕೊಂಡರು.

“ಅಂದ್ರ... ಈ ಕೈಯೇನವಾ?”

“ಹೌದ್ರಿ.”

ಸಾವಕಾರರು ಅಂಗೈ ಮಡಚಿಕೊಂಡು ಸಣ್ಣ ದನಿಯಲ್ಲಿ ಹೇಳಿದರು: “ಈ ಅಮಾಸಿಗೆ ನಾ ಮುಟ್ಟೂದಿಲ್ಲ. ಆದ್ರೂ ಮುರದು ಬಂತಂದ್ರ, ಮಷಿನ್ನ ತರತೀನಿ.”

ಆ ಅಮಾವಾಸ್ಯೆ ಅವರು ಕೈ ಹಿಂದೆ ಕಟ್ಟಿಕೊಂಡು ಒದ್ದಾಡಿದ್ದನ್ನು ನೋಡಲಾಗುತ್ತಿರಲಿಲ್ಲ. ದ್ಯಾಮವ್ವ ವಾಪಸು ಗಾಡಿಯ ದಾರಿ ಕಾಯುತ್ತ ಉಗುರು ಕಚ್ಚಿದಳು. ಗಾಡಿ ಬಂತು. ಮುರಿದದ್ದು ಇಲ್ಲವೆನ್ನುವಷ್ಟು ಕಡಿಮೆ. ಮಷಿನ್ನಿನ ಮಾತು ಅಲ್ಲಿಗೇ ನಿಂತಿತು.

ಆದರೆ ಸಾವಕಾರರ ಕೈಗೆ ನೆಮ್ಮದಿಯಿಲ್ಲ. ಮುಂದಿನ ಅಮಾವಾಸ್ಯೆ ಸುಮಿತ್ರಾಳ ಬಳಿ ಬಂದು, “ಆ ಚುಕ್ಕಿ ಕಡ್ಡಿ ಇಲ್ಲಿ ಕೊಡವಾ” ಎಂದರು. ಹೊಸ್ತಿಲಲ್ಲೇ ನಿಂತು ಪ್ರತಿ ಡಬ್ಬಿಯ ಮೇಲೂ ನನ್ನನ್ನು ಇಳಿಸಿ, “ಚಲೋ ಆಗ್ಲಿ” ಎಂದರು.

ಈಗ ನನಗೆ ವಯಸ್ಸಾಗಿದೆ, ಬೆಳಕು ಮಂಕಾಗಿದೆ. ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ನನ್ನ ವಾಸ. ಅಜ್ಜಿಯ ಸುಳ್ಳು ಕಣ್ಣೀರಿಗೂ ಕುಣಿದೆ, ರೊಟ್ಟಿಯ ನಿಜವಾದ ಪೆಟ್ಟಿಗೂ ಕುಣಿದೆ. ಗೋಡೆಗೆ ಎರಡೂ ಒಂದೇ. ತಿಂಗಳಿಗೊಮ್ಮೆ ಸಾವಕಾರರು ನನ್ನನ್ನು ಹೊರತೆಗೆಯುತ್ತಾರೆ. ಮುಪ್ಪಿಗೆ ಅವರ ಕೈ ನಡುಗುತ್ತದೆ, ಡಬ್ಬಿಯ ಮೇಲೆ ನಾನೂ ನಡುಗುತ್ತೇನೆ. ಒಳಗೆ ರೊಟ್ಟಿ ಅಲುಗುವುದಿಲ್ಲ.