ಎಲ್ಲರೂ ಬರುತ್ತೇವೆ ಅಂದರು

ವ್ಯಾಪಾರ ಮಾಡಿ ಗೆದ್ದವರು ಹೇಳಬೇಕಾದ ಕಥೆಯನ್ನು ನಾನು ಹೇಳಲು ಹೊರಟಿದ್ದೇನೆ, ಓದುವವರು ಕ್ಷಮಿಸಬೇಕು. ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ. ವ್ಯಾಪಾರ ತೊಡಗುವುದು ಹೇಗೆಂದು ಕಲಿತದ್ದು ಸಂಜೆ ತರಗತಿಯಲ್ಲಿ. ಮನೆಮಾತು ಕನ್ನಡವಾದರೂ ಬೆಳೆದದ್ದು ತಮಿಳು ಸೀಮೆಯಲ್ಲಿ, ಅದನ್ನು ಬರೆಯಲು ಕಲಿತದ್ದೂ ತಡವಾಗಿಯೇ. ಎರಡರಲ್ಲೂ ತಪ್ಪಿರಬಹುದು.

ಸೆಲ್ಲಮ್ಮತ್ತೆ ನಮ್ಮಪ್ಪನ ಅಕ್ಕ. ಗಂಡ ಹೋದ ಮೇಲೆ ಸಿರುಮುಗೈ ಕಡೆಯ ಒಂದು ಮಿಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದರು. ಕೆಲಸದ ಜೊತೆಗೆ ಒಂದು ಸಣ್ಣ ಕೋಣೆ. ಅದರ ಬಾಗಿಲಿಗೆ ತಾವೇ ಕೊಂಡು ತಂದ ಬೀಗ. ತಮ್ಮಂದಿರ ಮನೆಯ ಮೂಲೆಯಲ್ಲಿ ಮಲಗಬೇಕಾಗಿಲ್ಲ ಎಂಬುದೊಂದೇ ಅವರ ಹೆಮ್ಮೆ.

ಯೋಜನೆ ನನ್ನದು. ಆರ್.ಎಸ್. ಪುರಂನ ಹಿಂದಿನ ಓಣಿಯೊಂದರಲ್ಲಿ ಮಧ್ಯಾಹ್ನದ ಮೆಸ್: ರಾಗಿ ಮುದ್ದೆ (ನಮ್ಮವರ ಬಾಯಲ್ಲಿ ಕಳಿ), ಹುರುಳಿ ಸಾರು, ಸೊಪ್ಪಿನ ಪಲ್ಯ. ಅಡುಗೆ ಅತ್ತೆಯದು, ಬಿಲ್ ಹಾಕುವ ಕೆಲಸದ ಆಚೀಚೆ ಉಳಿದದ್ದೆಲ್ಲ ನನ್ನದು. ನಮ್ಮ ಜನ ಆ ಸುತ್ತ ಅಂಗಡಿಗಳಲ್ಲಿ ಸಾಕಷ್ಟಿದ್ದಾರೆ. ತೊಡಗುವ ಮೊದಲು ಊಟಕ್ಕೆ ಬರುವವರನ್ನು ಕೇಳಿ ಬರಬೇಕು ಎಂದು ತರಗತಿಯ ಮೋಹನ್ ರಾಜ್ ಸರ್ ಹೇಳಿದ್ದರು. ಮದುಕ್ಕರೈಯಲ್ಲಿ ನೆಂಟರ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ ಇತ್ತು. ಎಲೆ ಮುಂದೆ ಕೂತವರನ್ನೆಲ್ಲ ಕೇಳುತ್ತಾ ಹೋದೆ.

"ಬರ್ದೆ ಇರ್ತೀವಾ ಕಣ್ಣು?" ಎಂದರು ಅಂಗಪ್ಪನ್ ಮಾಮ. ಆರ್.ಎಸ್. ಪುರಂನಲ್ಲೇ ಪಾತ್ರೆ ಅಂಗಡಿ ಇಟ್ಟವರು, ಚಿಕ್ಕವರನ್ನೆಲ್ಲ ನಮ್ಮವರ ಹಾಗೆ ಮುದ್ದಿಗೆ 'ಕಣ್ಣು' ಅನ್ನುವವರು. "ನಿಮ್ಮತ್ತೆ ಕೈ ಕಳಿ ಅಂದ್ರೆ ಅಂಗಡಿ ಮುಚ್ಬುಟ್ಟು ಬರ್ತೀನಿ."

"ಅಂಗಡಿ ಯಾಕೆ, ಬಾಯಿ ಮುಚ್ಚಿದ್ರೆ ಸಾಕು," ಎಂದರು ಅವರ ಹೆಂಡತಿ ಮಾರಿಯಮ್ಮ. "ತೂಕ ಇಳಿಸ್ಬೇಕು ಅಂತ ಡಾಕ್ಟರು ಬೈದವ್ರೆ."

ಎಲ್ಲರೂ ನಕ್ಕರು. ಎಲ್ಲರೂ ಬರುತ್ತೇವೆ ಅಂದರು. ಅತ್ತೆಗೆ ಫೋನ್ ಮಾಡಿ ಹೇಳಿದೆ. ಕೆಲಸ ಬಿಡುವುದಾಗಿ ಅವರು ಹಾಸ್ಟೆಲಿನಲ್ಲಿ ತಿಳಿಸಿಬಿಟ್ಟರು.

ತರಗತಿಯಲ್ಲಿ ನಾನು ಉತ್ಸಾಹದಿಂದ ವರದಿ ಒಪ್ಪಿಸಿದಾಗ ಮೋಹನ್ ರಾಜ್ ಸರ್ ತಮಿಳಿನಲ್ಲಿ ಕೇಳಿದರು: "ಬೇಡ ಅಂದವರು ಯಾರು?"

"ಯಾರೂ ಇಲ್ಲ ಸರ್."

"ಹಾಗಾದರೆ ನೀನಿನ್ನೂ ಯಾರನ್ನೂ ಕೇಳಿಲ್ಲಮ್ಮಾ."

ತರಗತಿ ನಕ್ಕಿತು, ನಾನೂ ನಕ್ಕೆ. ಮನೆಗೆ ಹೋಗುವ ಬಸ್ಸಿನಲ್ಲಿ ಒಬ್ಬೊಬ್ಬರ ಮಾತನ್ನೂ ಮತ್ತೆ ನೆನೆಸಿಕೊಂಡೆ. ಹೊಸದೇನಾದರೂ ತೊಡಗುವವರಿಗೆ ನಮ್ಮಲ್ಲಿ ಯಾರೂ 'ಬೇಡ' ಅನ್ನುವುದಿಲ್ಲ, ಅಪಶಕುನ. ಮನೆಯಿಂದ ಹೊರಟವರನ್ನು ಎಲ್ಲಿಗೆಂದು ಕೂಡ ಕೇಳುವುದಿಲ್ಲ. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಭಾನುವಾರ ಹಾಸ್ಟೆಲಿಗೆ ಹೋದೆ. ಅತ್ತೆ ಹಳೆ ಸೀರೆಯಲ್ಲಿ ಪಾತ್ರೆ ಕಟ್ಟುತ್ತಿದ್ದರು.

"ಅತ್ತೆ, ಅವರೆಲ್ಲ ಶಕುನಕ್ಕೆ ಹಂಗಂದಿರಬೋದು. ಇನ್ನೂ ಹೊತ್ತು ಮೀರಿಲ್ಲ, ಕೆಲಸ ಬಿಡಬ್ಯಾಡಿ."

"ಹೊರಟ ಮ್ಯಾಲೆ ಅಡ್ಡ ಮಾತು ಆಡ್ಬಾರ್ದು ಕಣ್ಣು. ಎಲ್ಲಾ ನಡೀತದೆ."

"ನಿಜ ಹೇಳಿ. ನಡೀತದಾ?"

"ನಡೀತದೆ ಅಂದ್ನಲ್ಲ. ಆ ತುದಿ ಹಿಡ್ಕೊ, ಗಂಟು ಬಿಗೀಬೇಕು."

ಹಿಡಿದುಕೊಂಡೆ.

ಹಾಲು ಉಕ್ಕಿಸಿ ಮೆಸ್ ತೆರೆದ ದಿನ ನೆಂಟರೆಲ್ಲ ಬಂದರು. ಕೂರಲು ಜಾಗವಿಲ್ಲದೆ ಓಣಿಯಲ್ಲಿ ನಿಂತು ಉಂಡರು. ಹೋಗುವಾಗ ಒಬ್ಬೊಬ್ಬರೂ ಅತ್ತೆಯ ಕೈಗೆ ಒಂದು ಕವರ್ ಇಟ್ಟರು, ಮೂಲೆಗೆ ಅರಿಶಿನ ಹಚ್ಚಿದ ಕವರ್. ಮದುವೆಯಲ್ಲಿ, ಕಿವಿ ಚುಚ್ಚುವ ಶಾಸ್ತ್ರದಲ್ಲಿ ಕೊಡುವ ಮೊಯಿ, ಉಡುಗೊರೆಯ ಹಣ ಅದು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಮರುದಿನ ಅವರಲ್ಲಿ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕರ್ನಾಟಕದಿಂದ ಬಂದ ಆಫೀಸಿನ ಹುಡುಗಿಯರು ಎರಡು ಸಲ ಬಂದು, ಸಾರು ತಮ್ಮೂರಿನ ಹಾಗಿಲ್ಲವೆಂದು ಮೆಲ್ಲಗೆ ಹೇಳಿ ಬರುವುದನ್ನು ನಿಲ್ಲಿಸಿದರು. ಉಳಿದ ಮುದ್ದೆಯನ್ನು ಅತ್ತೆ ಓಣಿಯ ಹಸುವಿಗೆ ಹಾಕುತ್ತಿದ್ದರು. ಆ ಹಸುವಂತೂ ತಪ್ಪದೆ ಬರುತ್ತಿತ್ತು.

ತಡೆಯಲಾರದೆ ಅಂಗಪ್ಪನ್ ಮಾಮನ ಅಂಗಡಿಗೆ ಹೋದೆ. "ಬರ್ತೀನಿ ಅಂದಿದ್ರಲ್ಲ ಮಾಮ?"

"ಬಂದ್ನಲ್ಲ ಕಣ್ಣು!" ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಮನೆ ಮಂದಿಯೆಲ್ಲ ಬಂದು ಮೊಯಿ ಕೂಡ ಇಟ್ಟೆವಲ್ಲ!"

ಮೇಜಿನ ಮೇಲೆ ಮಾರಿಯಮ್ಮ ಕಟ್ಟಿಕೊಟ್ಟ ಊಟದ ಕ್ಯಾರಿಯರ್ ಇತ್ತು. ಬರುತ್ತೇನೆಂದು ಹೇಳಿ ಹೊರಟೆ.

ಆಡಿ ತಿಂಗಳು, ಅಂದರೆ ಆಷಾಢ, ಬರುವ ಮೊದಲೇ ಬಾಗಿಲು ಹಾಕಿದೆವು. ಹಾಸ್ಟೆಲಿನಲ್ಲಿ ವಿಚಾರಿಸಿದರೆ ಬೇರೆ ಅಡುಗೆಯವರು ಬಂದಿದ್ದರು, ಆ ಕೋಣೆಯೂ ಅವರದಾಗಿತ್ತು. ಈಗ ಅತ್ತೆ ನಮ್ಮ ನಡುಮನೆಯಲ್ಲಿ ಮಲಗುತ್ತಾರೆ, ಎಲ್ಲರೂ ಟಿವಿ ನೋಡಿ ಎದ್ದ ಮೇಲೆ. ದೊಡ್ಡ ಪಾತ್ರೆಗಳು ಮಂಚದ ಕೆಳಗಿವೆ. ಬೀಗ ಅವರದೇ ಆದ್ದರಿಂದ ಜೊತೆಗೆ ತಂದಿದ್ದಾರೆ, ಹಾಕಲು ಬಾಗಿಲಿಲ್ಲ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮೊನ್ನೆ ಪಕ್ಕದ ಮನೆಯ ತೆನ್ಮೊಳಿ ಬಂದು, ಹೊಲಿಗೆ ಅಂಗಡಿ ತೆರೆಯಬೇಕೆಂದಿದ್ದೇನೆ ಎಂದಳು. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಲೂ ಇಲ್ಲ.

"ನಡೀತದೆ ಕಣ್ಣು. ಎಲ್ಲಾ ನಡೀತದೆ."

ಅದೇ ಮಾತು, ಅದೇ ದನಿ. ಹಾಸ್ಟೆಲಿನ ಕೋಣೆಯಲ್ಲಿ ಗಂಟು ಕಟ್ಟುವಾಗ ಅವರು ನಂಬಿ ಹೇಳಿದ್ದರೋ, ಅಥವಾ ಆಗುವುದಿಲ್ಲವೆಂದು ತಿಳಿದೂ ನನಗೆ 'ಬೇಡ' ಅನ್ನಲಾರದೆ ಆ ಬಾಗಿಲನ್ನು ಬಿಟ್ಟು ಬಂದರೋ, ನನಗೆ ಗೊತ್ತಿಲ್ಲ.